ಏನೂ ಇಲ್ಲ ಅಂತ ನನ್ನ ಮುಖ ನೋಡಿ ಹೇಳೋಕೆ ಏನು ಕಷ್ಟ?

"ಎಲ್ಲರೂ ಹಾಗೇ ಹೇಳೋದು."

ಎದೆನೋವು ಅಂತ ಆಸ್ಪತ್ರೆಗೆ ಹೋಗಿ ಮೂರು ದಿನ ಆಯ್ತು, ಅಲ್ಲಿ ಕೇಳಿಸಿಕೊಂಡ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಬೀಡಿ, ಸಿಗರೇಟು ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ಕುಡಿತ? ಅದೂ ಇಲ್ಲ ಅಂದೆ. ಆ ಡ್ಯೂಟಿ ಡಾಕ್ಟರ್ ಇಸಿಜಿ ಕಾಗದದಿಂದ ತಲೆ ಕೂಡ ಎತ್ತಲಿಲ್ಲ. "ಎಲ್ಲರೂ ಹಾಗೇ ಹೇಳೋದು. ನಿಜ ಹೇಳ್ರೀ, ಮುಚ್ಚಿಟ್ಟರೆ ನಿಮಗೇ ತೊಂದರೆ."

ನಾನು ಅಂಗಿ ಬಿಚ್ಚಿ ಮಲಗಿದ್ದೆ. ಎದೆ ತುಂಬ ಜೆಲ್, ಅದರ ಮೇಲೆ ಕಚ್ಚಿಕೊಂಡಿರೋ ರಬ್ಬರ್ ಗುಬುಟುಗಳು. ಪರದೆಯನ್ನು ಅರ್ಧ ಎಳೆದಿದ್ದರು. ಉಳಿದ ಅರ್ಧದಲ್ಲಿ ನನ್ನ ಹೆಂಡತಿ, ಹತ್ತು ವರ್ಷದ ಮಗಳು, ಕಾರಲ್ಲಿ ಕರೆದುಕೊಂಡು ಬಂದ ಪಕ್ಕದ ಮನೆಯವರು. ಎಲ್ಲರಿಗೂ ಕೇಳಿಸಿತು. ನಾನು ಜೀವನದಲ್ಲಿ ಒಂದು ಸಿಗರೇಟು ಮುಟ್ಟಿದವನಲ್ಲ. ಎದ್ದು ಕೂತು ಹೇಳಬೇಕಿತ್ತು. ವೈರ್ ಕಿತ್ತುಬರುತ್ತೆ, ಅಲ್ಲಾಡಬೇಡಿ ಅಂತ ಸಿಸ್ಟರ್ ಭುಜ ಒತ್ತಿ ಹಿಡಿದರು. ಸುಮ್ಮನೆ ಮಲಗಿದೆ. ಮಗಳು ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ನನ್ನನ್ನು ಬಿಟ್ಟು ಹೆಂಡತಿ ಹತ್ತಿರ ಮಾತು. "ಹಾರ್ಟ್ ಅಟ್ಯಾಕ್ ತರಾನೇ ಇದೆ. ಐಸಿಯುಗೆ ಹಾಕಬೇಕು. ಬೆಳಿಗ್ಗೆ ಆಂಜಿಯೋಗ್ರಾಂ. 50 ಸಾವಿರ ಕಟ್ಟಿ ಬನ್ನಿ." ಇಡೀ ವಾರ್ಡಿಗೆ ಕೇಳೋ ಹಾಗೆ. ಅವಳು ಅಲ್ಲೇ, ಬಿಲ್ಲಿಂಗ್ ಕೌಂಟರ್ ಮುಂದೆ ನಿಂತು ಬಳೆ ಬಿಚ್ಚಿದಳು. ಎಡಗೈದು ಬರಲಿಲ್ಲ. ಹ್ಯಾಂಡ್ ಸ್ಯಾನಿಟೈಸರ್ ಹಾಕಿಕೊಂಡು ಎಳೆದಳು. ನನ್ನ ಭಾಮೈದ ಅಡ ಇಡೋಕೆ ತೆಗೆದುಕೊಂಡು ಹೋದ.

ಅವಳು ಯಾಕೆ ಅಷ್ಟು ಹೆದರಿದಳು ಅಂತ ಬಿಡಿಸಿ ಹೇಳಬೇಕಾ? ಅಪ್ಪು ಹೋದಾಗ ವಯಸ್ಸು 46. ನನಗೀಗ 41. ಅವಳ ತವರು ಹಾಸನ. 2025ರ ಜೂನ್, ಜುಲೈನಲ್ಲಿ ದಿನಾ ಬೆಳಿಗ್ಗೆ ಅಲ್ಲಿಂದ ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿ ಬರುತ್ತಿತ್ತು ಅಂತ ಎಲ್ಲರಿಗೂ ಗೊತ್ತು.

ರಾತ್ರಿ ಎರಡು ಸಲ ರಕ್ತ ತೆಗೆದರು. ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರೋ ಟ್ರೋಪೋನಿನ್ ನಾರ್ಮಲ್. ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಅದೂ ನಾರ್ಮಲ್. ನನಗೆ ಯಾರೂ ಹೇಳಲಿಲ್ಲ. ಬೆಳಗಿನವರೆಗೂ ನಾನು ಸಾಯೋ ಲೆಕ್ಕಾಚಾರದಲ್ಲೇ ಇದ್ದೆ. ಸಾಲ ಎಷ್ಟಿದೆ, ಪಾಲಿಸಿ ಎಲ್ಲಿದೆ ಅಂತ. ಒಂಬತ್ತು ಗಂಟೆಗೆ ದೊಡ್ಡ ಡಾಕ್ಟರ್ ಬಂದರು. ಅರ್ಧ ನಿಮಿಷ ಇಸಿಜಿ ನೋಡಿ ಸಿಸ್ಟರ್‌ಗೆ ಹೇಳಿದರು: "ಅರ್ಲಿ ರಿಪೋಲರೈಸೇಶನ್. ಆಂಜಿಯೋ ಬೇಡ, ಮನೆಗೆ ಕಳಿಸಿ." ಪಕ್ಕದ ಬೆಡ್ಡಿಗೆ ಹೋದರು. ಅಷ್ಟೇ! ಹಾಗಂದ್ರೆ ಏನು ಸಾರ್ ಅಂತ ಕೂಗಿದೆ. "ಏನಿಲ್ಲ, ಏನಿಲ್ಲ" ಅಂತ ಕೈಯಾಡಿಸಿದರು, ತಿರುಗಿ ನೋಡಲಿಲ್ಲ.

ಅದೇನು ಅಂತ ತಿಳಿದುಕೊಳ್ಳೋಕೆ ಮಾರನೇ ದಿನ ಇನ್ನೊಬ್ಬ ಡಾಕ್ಟರಿಗೆ ಫೀಸ್ ಕೊಟ್ಟೆ. ಅವರು ಕಾಗದ ನನ್ನ ಕಡೆ ತಿರುಗಿಸಿ ಪೆನ್ನಲ್ಲಿ ತೋರಿಸಿದರು. ಹೃದಯ ಒಂದು ಸಲ ಬಡಿದ ಮೇಲೆ ಮುಂದಿನ ಬಡಿತಕ್ಕೆ ಮತ್ತೆ ಚಾರ್ಜ್ ಆಗಬೇಕು. ಕೆಲವರಲ್ಲಿ ಅದು ಒಂಚೂರು ಬೇಗ ಶುರುವಾಗುತ್ತೆ. ಅದಕ್ಕೇ ಗೆರೆ ಸ್ವಲ್ಪ ಮೇಲೆ ನಿಲ್ಲುತ್ತೆ. ಅಟ್ಯಾಕ್ ಆದಾಗಲೂ ಗೆರೆ ಮೇಲೇಳುತ್ತೆ, ಹಾಗಾಗಿ ಗೊಂದಲ. "ಯಾವತ್ತಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದೀರಾ? ಮನೇಲಿ ಯಾರಾದರೂ ಚಿಕ್ಕ ವಯಸ್ಸಲ್ಲೇ ದಿಢೀರ್ ಅಂತ ಹೋಗಿದ್ದಾರಾ?" ಇಲ್ಲ ಅಂದೆ. ಆ ಇಲ್ಲವನ್ನು ಅವರು ನಂಬಿದರು. "ಹಾಗಾದ್ರೆ ಇದು ನಿಮ್ಮ ಹೃದಯದ ರೀತಿ ಅಷ್ಟೇ. ಮಾತ್ರೆ ಬೇಡ. ನೋವು ಸ್ನಾಯುವಿನದು." ಸಿಲಿಂಡರ್ ಎತ್ತಿ ಎದೆ ಹಿಡಿದುಕೊಂಡಿತ್ತು!

ಎಚ್ಚರಿಕೆ ತೆಗೆದುಕೊಂಡಿದ್ದು ತಪ್ಪು ಅಂತ ನಾನು ಹೇಳಲ್ಲ. ಎದೆನೋವು ಅಂತ ಹೋದವನನ್ನು ಹಾಗೇ ಕಳಿಸಿ ಏನಾದರೂ ಆಗಿದ್ದರೆ? ಆ ಡಾಕ್ಟರೂ ಚಿಕ್ಕ ಹುಡುಗ, ಎಷ್ಟು ಹೊತ್ತಿಂದ ನಿದ್ದೆಗೆಟ್ಟಿದ್ದನೋ. ಹೋಗಲಿ ಬಿಡಿ, ಬದುಕಿದ್ದೀನಲ್ಲ.

ಇಲ್ಲ, ಬಿಡೋಕಾಗಲ್ಲ. ಹಳೇ ಇಸಿಜಿ ಇದೆಯಾ ಅಂತ ಒಬ್ಬರಾದರೂ ಯಾಕೆ ಕೇಳಲಿಲ್ಲ? ಇತ್ತು! 2016ರಲ್ಲಿ ಕೆಲಸಕ್ಕೆ ಸೇರುವಾಗ ತೆಗೆಸಿದ್ದು. ನಿನ್ನೆ ಬೀರುವಿನಲ್ಲಿ ಪಾಲಿಸಿ ಬಾಂಡ್ ಅಡಿಯಲ್ಲಿ ಸಿಕ್ಕಿತು. ಆ ಕಾಗದ ಬಸ್ ಟಿಕೆಟ್ ತರ ಮಾಸುತ್ತೆ. ಗುಲಾಬಿ ಚೌಕಗಳು ಉಳಿದಿವೆ, ಗೆರೆ ಬೂದಿ ಬಣ್ಣಕ್ಕೆ ತಿರುಗಿದೆ. ವಿ4 ಅಂತ ಇರೋ ಕಡೆ, ಅಂದ್ರೆ ಎದೆ ಮೇಲಿನ ಒಂದು ಗುಬುಟಿನ ಗೆರೆ, ಹೊಸದರ ಪಕ್ಕ ಇಟ್ಟು ನೋಡಿದೆ. ಅದೇ ಏರು, ಗಾಳದ ತುದಿಯಂಥ ಅದೇ ಸಣ್ಣ ಕೊಕ್ಕೆ. ಆಗಿಂದಲೂ ನನ್ನ ಹೃದಯ ಹೀಗೇ ಇತ್ತು. ಫೋನ್ ಮಾಡಿ ಹುಡುಕಿಸೋಕೆ ಹತ್ತು ನಿಮಿಷ ಸಾಕಿತ್ತು.

ಅಟ್ಯಾಕ್ ಅಂತ ಊರಿಗೆಲ್ಲ ಕೇಳೋ ಹಾಗೆ ಹೇಳಿದವರು, ಏನೂ ಇಲ್ಲ ಅನ್ನೋದನ್ನ ನನ್ನ ಹೆಂಡತಿ ಮುಂದೆ ನಿಂತು ಯಾಕೆ ಹೇಳಲಿಲ್ಲ? ಅಲ್ಲಿ ಕೆಲಸ ಮಾಡೋರು ಯಾರಾದರೂ ಇದನ್ನ ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಅವಳಿಗೆ ಇನ್ನೂ ನಂಬಿಕೆ ಬಂದಿಲ್ಲ. ರಾತ್ರಿ ಎದ್ದು ನನ್ನ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಾಳೆ. ನಾನೂ ಎಚ್ಚರವಾಗಿರುತ್ತೇನೆ.

ಇವತ್ತು ಊಟಕ್ಕೆ ಕೂತಾಗ ಮಗಳು ಮೆಲ್ಲಗೆ ಕೇಳಿದಳು: "ಅಪ್ಪಾ, ನೀನು ಆಫೀಸಲ್ಲಿ ಸಿಗರೇಟ್ ಸೇದ್ತೀಯಾ?" ತುತ್ತು ಗಂಟಲಲ್ಲೇ ನಿಂತಿತು. ಇಲ್ಲ ಪುಟ್ಟಾ ಅಂದೆ. "ಹ್ಞೂಂ" ಅಂತ ತಲೆ ತಗ್ಗಿಸಿ ಅನ್ನ ಕಲಸಿದಳು.

ಸೋಮವಾರ ಬಳೆ ಬಿಡಿಸಿಕೊಂಡು ಬರಬೇಕು.