ಹಾಡೋರು ಸಿಗ್ತಾರೆ, ಹಾಡಿಸೋರು ಎಲ್ಲಿ?

ಅಮೆರಿಕದಲ್ಲಿ ಯಾವ ಕನ್ನಡ ಕೂಟಕ್ಕೆ ಹೋದರೂ ಚೆನ್ನಾಗಿ ಹಾಡುವವರು ನಾಲ್ಕು ಜನ ಸಿಗುತ್ತಾರೆ. ಮೂವತ್ತು ಜನರನ್ನು ಸೇರಿಸಿ ಹಾಡಿಸಬಲ್ಲವರು? ಹೆಚ್ಚೆಂದರೆ ಒಬ್ಬರು. ಅವರಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತೋ, ರಾಜ್ಯೋತ್ಸವದ ಸಮೂಹ ಗಾಯನ ಅಲ್ಲಿಗೇ ನಿಲ್ಲುತ್ತದೆ. ಇಲ್ಲಿನ ಬಾರ್ಬರ್‌ಶಾಪ್ ಹಾಡುಗಾರರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುವುದು ಇದೇ ಕಾರಣಕ್ಕೆ.

ಬಾರ್ಬರ್‌ಶಾಪ್ ಅಂದರೆ ವಾದ್ಯವಿಲ್ಲದೆ ನಾಲ್ಕು ದನಿಗಳಲ್ಲಿ ಹಾಡುವ ಪದ್ಧತಿ. ಲೀಡ್ ದನಿಯವರು ಮೂಲ ಧಾಟಿ ಹಾಡುತ್ತಾರೆ. ಟೆನರ್ ಅದರ ಮೇಲೆ, ಬಾಸ್ ತಳದಲ್ಲಿ. ಮಿಕ್ಕ ಸ್ವರಗಳೆಲ್ಲ ಪಾಪದ ಬ್ಯಾರಿಟೋನ್ ಪಾಲಿಗೆ. ಇದರ ಬೇರು ಆಫ್ರಿಕನ್ ಅಮೆರಿಕನ್ನರ ಹಾಡುಗಾರಿಕೆಯಲ್ಲಿದೆ. ಆದರೂ 1938ರಲ್ಲಿ ಟಲ್ಸಾ ಊರಲ್ಲಿ ಹುಟ್ಟಿದ ಬಾರ್ಬರ್‌ಶಾಪ್ ಹಾಡುಗಾರರ ಸಂಘ 1963ರವರೆಗೆ ಅವರನ್ನೇ ಹೊರಗಿಟ್ಟಿತ್ತು. ಹೆಂಗಸರಿಗೆ ಪೂರ್ತಿ ಸದಸ್ಯತ್ವ ಸಿಕ್ಕಿದ್ದು 2018ರಲ್ಲಿ. ಹಾಗಾಗಿ ಎಲ್ಲವನ್ನೂ ಇವರಿಂದ ಕಲಿಯಿರಿ ಅಂತ ನಾನೇನೂ ಹೇಳುವುದಿಲ್ಲ.

ಕಲಿಸುವುದರಲ್ಲಿ ಮಾತ್ರ ಇವರು ಗಟ್ಟಿಗರು. ಬೇಸಿಗೆಯಲ್ಲಿ ಹಾರ್ಮನಿ ಯೂನಿವರ್ಸಿಟಿ ಅಂತ ಶಿಬಿರ ನಡೆಸುತ್ತಾರೆ. ಹಿಂದೆ ಅದು ಮಿಸೌರಿಯ ಸೇಂಟ್ ಜೋಸೆಫ್‌ನಲ್ಲಿತ್ತು, ಆಮೇಲೆ ನ್ಯಾಶ್‌ವಿಲ್‌ಗೆ ಬಂತು. ಹಗಲು ಬೇರೇನೋ ಕೆಲಸ ಮಾಡಿಕೊಂಡು ಸಂಜೆ ಹಾಡುವವರೂ ಅಲ್ಲಿಗೆ ಹೋಗಿ ಕೋರಸ್ ನಡೆಸುವುದನ್ನು ಕಲಿಯಬಹುದು.

ಹೊಸ ನಿರ್ದೇಶಕರ ಮುಂದೆ ನಿಜವಾದ ಕೋರಸ್ಸನ್ನೇ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಹಿರಿಯರೊಬ್ಬರು. ಹೊಸಬರು ಹಾಡಿನ ಜೊತೆ ಬಾಯಾಡಿಸಲು ಶುರು ಮಾಡಿದರೆ ಅಲ್ಲೇ ತಡೆಯುತ್ತಾರೆ. ನೀವೇ ಹಾಡ್ತಾ ಇದ್ದರೆ ಅವರದ್ದು ಕೇಳಿಸೋದು ಹೇಗೆ? ಕೈ ಬೀಸುವುದು ಜಾಸ್ತಿಯಾಯಿತು, ಅರ್ಧಕ್ಕೆ ಇಳಿಸಿ. ಮತ್ತೆ ಅದೇ ಸಾಲು. ಎಲ್ಲರೆದುರು ತಿದ್ದಿಸಿಕೊಂಡೆನಲ್ಲ ಅನ್ನುವ ಮುಜುಗರ ಯಾರ ಮುಖದಲ್ಲೂ ಇರುವುದಿಲ್ಲ. ನಮ್ಮಲ್ಲಾದರೆ ಆ ಹೊಸಬರು ಮುಂದಿನ ವಾರ ಬರುತ್ತಿರಲಿಲ್ಲ, ಅಲ್ವಾ?

ಹಾಡಿಗೆ ನಾಲ್ಕು ದನಿ ಕೂರಿಸುವವರಿಗೂ ಹೀಗೇ. ಬರೆದದ್ದನ್ನು ಪಳಗಿದವರೊಬ್ಬರಿಗೆ ತೋರಿಸಿ ತಿದ್ದಿಸಿಕೊಳ್ಳುತ್ತಾರೆ. ಬ್ಯಾರಿಟೋನ್ ಸಾಲನ್ನು ನೀವೇ ಹಾಡಿ ನೋಡಿದ್ದೀರಾ ಅನ್ನುವ ಪ್ರಶ್ನೆ ಬಂದರೆ ಕಾಗದದ ಜಾಣತನ ಅಲ್ಲೇ ಇಳಿಯುತ್ತದೆ. ಬಾರ್ಬರ್‌ಶಾಪ್‌ನವರ ಪ್ರಾಣವೆಲ್ಲ ಒಟ್ಟಿಗೆ ಹಾಡುವ ನಾಲ್ಕು ಸ್ವರಗಳ ಒಂದು ಗುಚ್ಛದಲ್ಲಿದೆ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ. ಆ ನಿಷಾದವನ್ನು ಪಿಯಾನೊದ ಸ್ವರಕ್ಕಿಂತ ತುಸು ಕೆಳಗೆ ಹಿಡಿದರೆ ನಾಲ್ಕೂ ದನಿ ಕಲೆತು, ಯಾರೂ ಹಾಡದ ಮೇಲಿನ ಸ್ವರವೊಂದು ಮೊಳಗುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದೇನು ಹೊಸದಲ್ಲ.

ಒಬ್ಬರನ್ನು ಹಾಡುಗಾರರನ್ನಾಗಿ ಮಾಡುವುದರಲ್ಲಿ ನಮ್ಮ ಗುರುಗಳಿಗೆ ಸಾಟಿಯಿಲ್ಲ. ವರ್ಷಗಟ್ಟಲೆ ಎದುರು ಕೂರಿಸಿ ಕಲಿಸುತ್ತಾರೆ. ಆದರೆ ಹತ್ತು ಜನರ ಕೈಲಿ ಹಾಡಿಸುವುದು ಬೇರೆಯೇ ವಿದ್ಯೆ. ಅದಕ್ಕೆ ನಾವು ಪಾಠ ಇಟ್ಟುಕೊಂಡಿಲ್ಲ. ಶ್ರುತಿಯನ್ನು, ಅಂದರೆ ಆಧಾರ ಸ್ವರವನ್ನು, ಹಾರ್ಮೋನಿಯಂನ ಒಂದನೇ ಮನೆಗೆ ಇಟ್ಟರೆ ಹೆಂಗಸರಿಗೆ ತೀರಾ ಕೆಳಗೆ, ಐದಕ್ಕೆ ಇಟ್ಟರೆ ಗಂಡಸರು ಕಿರುಚಬೇಕು. ಮೂರಕ್ಕೆ ಇಟ್ಟರೆ ಯಾರಿಗೂ ಸುಖವಿಲ್ಲ. ಕೊನೆಗೆ ಕರೋಕೆ ಹಾಕಿ ಅದರ ಹಿಂದೆ ಓಡುತ್ತೇವೆ. ಯಾರು ಯಾವ ಎತ್ತರದಲ್ಲಿ ಹಾಡಬೇಕು ಅಂತ ದನಿ ಹಂಚುವವರೊಬ್ಬರಿದ್ದರೆ ಈ ಜಗಳವೇ ಬರುವುದಿಲ್ಲ.

ದನಿ ಹಂಚಿದರೆ ಗಮಕ, ಅಂದರೆ ಸ್ವರದ ಓಲಾಟ, ಕೆಡುತ್ತದೆ ಅನ್ನುವವರಿದ್ದಾರೆ. ನಿಜ, ಗಮಕವೇ ಜೀವಾಳವಾದ ತೋಡಿ ರಾಗಕ್ಕೆ ಇದನ್ನು ಅಂಟಿಸಲು ಹೋಗಬಾರದು. ಆದರೆ ನಿಧಾನ ನಡೆಯ, ಸ್ವರ ನೇರವಾಗಿ ನಿಲ್ಲುವ ಭಾವಗೀತೆಗಳು ಎಷ್ಟಿಲ್ಲ! ಇಲ್ಲೇ ಹುಟ್ಟಿ ಶಾಲೆಯ ಕಾಯರ್‌ನಲ್ಲಿ ಹಾಡುವ ನಮ್ಮ ಮಕ್ಕಳಿಗೆ ದನಿ ಕೂರಿಸುವುದು ಸ್ವಲ್ಪ ಗೊತ್ತು. ಅಮ್ಮಂದಿರಿಗೆ ಹಾಡು ಗೊತ್ತು. ಮುಂದಿನ ನವೆಂಬರ್‌ಗೆ ಒಂದೇ ಒಂದು ಪಲ್ಲವಿಯನ್ನು ಇವರಿಬ್ಬರ ಕೈಗೆ ಕೊಟ್ಟು, ರಿಹರ್ಸಲ್‌ನಲ್ಲಿ ಅರ್ಧ ಗಂಟೆ ಬಿಟ್ಟುಕೊಡಿ. ಸಮಿತಿಯ ಹಿರಿಯರು ಆ ಅರ್ಧ ಗಂಟೆ ಕಾಫಿಗೆ ಹೋದರೆ ಇನ್ನೂ ಒಳ್ಳೆಯದು.