ಹೊಸ ಸಂಶೋಧನೆಯ ಸುದ್ದಿ ಹಿಡಿದು ಡಾಕ್ಟರ ಮುಂದೆ ಕೂಡಬೇಕೇ?

ಪರ: ಪಾಕೀಟು ಒಡೆಯುವ ಮೊದಲು

ನಮ್ಮ ಅವ್ವನಿಗೆ ಬಿ.ಪಿ. ಬಂದು ಹನ್ನೆರಡು ವರ್ಷ. ಗುಳಿಗೆ ತಪ್ಪಿಸುವುದಿಲ್ಲ, ಉಪ್ಪಿನಕಾಯಿಯನ್ನೂ ತಪ್ಪಿಸುವುದಿಲ್ಲ. ರೊಟ್ಟಿಯ ಜೊತೆ ಎಂಥ ಪಲ್ಯವಿದ್ದರೂ ತಾಟಿನ ಅಂಚಿಗೆ ಒಂದು ಹೋಳು ಬೇಕೇ ಬೇಕು. ಹೀಗಿರುವಾಗ ಚೀನಾದ ಉಪ್ಪಿನ ಸಂಶೋಧನೆ ನನ್ನ ಕಣ್ಣಿಗೆ ಬಿತ್ತು. 2021ರಲ್ಲಿ ಪ್ರಕಟವಾದದ್ದು. 600 ಹಳ್ಳಿಗಳ 20,995 ಮಂದಿ; ಹಿಂದೆ ಲಕ್ವ ಹೊಡೆದವರು, ಇಲ್ಲವೇ ಅರವತ್ತು ದಾಟಿ ಬಿ.ಪಿ. ಇದ್ದವರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು, ಉಳಿದರ್ಧಕ್ಕೆ ಸುಮಾರು ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಬೆರಕೆ ಉಪ್ಪು ತಿಂದವರಲ್ಲಿ ಲಕ್ವ ಶೇ. 14ರಷ್ಟು ಕಡಿಮೆ.

ಅಂಥದೇ ಉಪ್ಪಿನ ಪಾಕೀಟು ತಂದೆ. ಒಡೆಯುವ ಮೊದಲು ಅವ್ವನನ್ನು ಹುಬ್ಬಳ್ಳಿ ವಿದ್ಯಾನಗರದ ನಮ್ಮ ಡಾಕ್ಟರ ಹತ್ತಿರ ಕರೆದೊಯ್ದು, ಪಾಕೀಟನ್ನೇ ಮೇಜಿನ ಮೇಲಿಟ್ಟೆ. ಅವರು ನಗಲಿಲ್ಲ. ತಿರುಗಿಸಿ ಸಣ್ಣ ಅಕ್ಷರ ಓದಿದರು.

“ಅವ್ವಾರು ತಗೊಳ್ಳೋದು ಟೆಲ್ಮಿಸಾರ್ಟನ್ ಅಲ್ಲೇನ್ರಿ? ಆ ಗುಳಿಗೀನೂ ರಕ್ತದಾಗ ಪೊಟ್ಯಾಸಿಯಂ ಏರಸ್ತದ, ಈ ಉಪ್ಪೂ ಏರಸ್ತದ. ಕಿಡ್ನಿ ಹ್ಯಾಂಗದಾವ ನೋಡೂಣು, ಮೊದಲ ರಕ್ತಾ ಕೊಡ್ರಿ.”

ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ಹಳಿ ತಪ್ಪುತ್ತದೆ. ಚೀನಾದವರೂ ಕಿಡ್ನಿ ಕಾಯಿಲೆ ಗಂಭೀರವಾಗಿದ್ದವರನ್ನು ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ನಾನು ಓದಿದ ಸುದ್ದಿಯಲ್ಲಿ ಆ ಸಾಲೇ ಇರಲಿಲ್ಲ. ಶೇ. 14 ಎಂದರೆ ಎಷ್ಟು ಎಂದು ಕೇಳಿದ್ದಕ್ಕೆ ಚೀಟಿಯ ಹಿಂದೆ ಬರೆದು ತೋರಿಸಿದರು: ಸಾವಿರ ಮಂದಿಯಲ್ಲಿ ವರ್ಷಕ್ಕೆ ಸುಮಾರು 34 ಇದ್ದದ್ದು 29 ಆಯಿತು. “ಐದು ಮಂದಿಗೆ ತಪ್ಪತು ಅಂದ್ರ ಸಣ್ಣ ಮಾತಲ್ಲ. ಆದ್ರ ಅವ್ವಾರ ಕಿಡ್ನಿ ನೋಡದ ಹೂಂ ಅನ್ನಂಗಿಲ್ಲ.”

ಸುದ್ದಿ ಓದುವವರನ್ನು ಯಾರೂ ತಡೆಯಲಾರರು. ಡಾಕ್ಟರು ಸಿಟ್ಟಾದಾರು ಎಂದು ಬಾಯಿ ಬಿಡದವರು ಸುಮ್ಮನಂತೂ ಕೂಡುವುದಿಲ್ಲ, ಮನೆಗೆ ಹೋಗಿ ಪಾಕೀಟು ಒಡೆಯುತ್ತಾರೆ. ನಾನೂ ಒಡೆಯುತ್ತಿದ್ದೆ. ರಿಪೋರ್ಟಿನಲ್ಲಿ ಅವ್ವನ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಶ, ಮಿತಿ ದಾಟಿತ್ತು. ಈ ಉಪ್ಪು ಬೇಡ, ಉಪ್ಪಿನಕಾಯಿ ಕಡಿಮೆ ಮಾಡಿ ಅಂದರು.

ಅವ್ವ ಮೆಟ್ಟಿಲಿಳಿಯುತ್ತ, “ಇಷ್ಟು ಹೇಳಿಸ್ಕೊಳ್ಳಾಕ ಚೀನಾತನಕ ಹೋಗಿ ಬರಬೇಕಾಗಿತ್ತೇನೋ?” ಅಂದಳು.

ವಿರೋಧ: ಕಂಡಕ್ಟರ್ ಕಾಕಾನ ಕಾಗದ

ಗದಗದಲ್ಲಿ ನನ್ನದು ಔಷಧಿ ಅಂಗಡಿ. ಪಾಕೀಟಿನ ಸಣ್ಣ ಅಕ್ಷರ ಓದುವಷ್ಟು ಪುರುಸೊತ್ತಿರುವ ಡಾಕ್ಟರು ಸಿಕ್ಕದ್ದು ಆ ಅವ್ವನ ಪುಣ್ಯ. ನನ್ನ ಗಿರಾಕಿಗಳು ರೋಣ, ಮುಂಡರಗಿ, ಶಿರಹಟ್ಟಿ ಕಡೆಯಿಂದ ಮೊದಲ ಬಸ್ಸಿಗೆ ಬಂದು, ಪಾಳಿ ಹಚ್ಚಿ, ಒಳಗೆ ಹೋದರೆ ಸಿಗುವುದು ಮೂರ್ನಾಲ್ಕು ನಿಮಿಷ. ಅಷ್ಟರಲ್ಲಿ ಹೇಳಬೇಕಾದ್ದು ಮೈಯ ಸುದ್ದಿಯೋ, ಅಮೆರಿಕದ ಸುದ್ದಿಯೋ?

ಸಾರಿಗೆ ಸಂಸ್ಥೆಯ ನಿವೃತ್ತ ಕಂಡಕ್ಟರ್ ಒಬ್ಬರಿದ್ದಾರೆ, ನಮಗೆಲ್ಲ ಕಾಕಾ. ಸಕ್ಕರೆ ಕಾಯಿಲೆಯೂ ಇದೆ, ಬಿ.ಪಿ.ಯೂ ಇದೆ. ಮೇಲಿನ ಬಿ.ಪಿ. 120ರ ಕೆಳಗಿಟ್ಟರೆ ಹೃದಯದ ತೊಂದರೆ ಕಾಲು ಭಾಗ ಕಡಿಮೆ ಎಂಬ ಲೇಖನವನ್ನು ಕಿಸೆಯಲ್ಲೇ ಇಟ್ಟುಕೊಂಡಿದ್ದರು. 2015ರ ಸ್ಪ್ರಿಂಟ್ ಎಂಬ ಅಧ್ಯಯನದ್ದು, 9,361 ಮಂದಿಯ ಮೇಲೆ ನಡೆದದ್ದು. ಅದನ್ನು ಡಾಕ್ಟರ ಮುಂದೆ ಬಿಚ್ಚಿ ವಾದಕ್ಕಿಳಿದರು. ಹೊರಗೆ ಪಾಳಿ ಬೆಳೆಯುತ್ತಿತ್ತು. ಡಾಕ್ಟರು ಇನ್ನೊಂದು ಗುಳಿಗೆ ಬರೆದು ಕಳಿಸಿದರು.

ಎಂಟು ದಿನಕ್ಕೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕಣ್ಣು ಕತ್ತಲೆ ಬಂದು ಕುಸಿದು ಕೂತರು. ನೋಡಿದರೆ ಬಿ.ಪಿ. 98. “ಎದ್ದಾಗ ತಲಿ ತಿರುಗೂದು ಮೊದಲಿಂದನೂ ಇತ್ತಪ, ಹೇಳಬೇಕಂದಿದ್ದೆ. ಈ ಕಾಗದದ ಮಾತಿನ್ಯಾಗ ಮರತ ಬಿಟ್ಟೆ.”

ಆ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರು ಇರಲೇ ಇಲ್ಲ. ಬಿ.ಪಿ. ಅಳೆದದ್ದು ಐದು ನಿಮಿಷ ಸುಮ್ಮನೆ ಕೂಡಿಸಿದ ಮೇಲೆ, ಮಷಿನ್ನಿನಿಂದ. ನಮ್ಮಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದು, ಮೆಟ್ಟಿಲೇರಿ, ಏದುಸಿರು ಬಿಡುತ್ತಿರುವವರ ತೋಳಿಗೆ ಪಟ್ಟಿ ಸುತ್ತುತ್ತಾರೆ. ಎರಡೂ ಕಡೆಯ 120 ಒಂದೇ ಹೇಗಾದೀತು? ಬಿ.ಪಿ.ಯನ್ನು ಅಷ್ಟು ಕೆಳಗಿಳಿಸಿದವರಲ್ಲಿ ತಲೆಸುತ್ತಿ ಬೀಳುವುದು, ಕಿಡ್ನಿ ಕೈಕೊಡುವುದು ಹೆಚ್ಚೆಂದೂ ಅದೇ ಅಧ್ಯಯನ ಹೇಳಿತ್ತು. ಕಾಕಾನ ಲೇಖನ ಹೇಳಿರಲಿಲ್ಲ.

ಸಕ್ಕರೆ ಕಾಯಿಲೆಯವರ ಮೇಲೇ ನಡೆದದ್ದು ಬೇರೆ ಇದೆ. 2010ರಲ್ಲಿ 4,733 ಮಂದಿಯಲ್ಲಿ ಇದೇ ಗುರಿ ಇಟ್ಟು ನೋಡಿದಾಗ ಲಕ್ವ ಕಡಿಮೆಯಾದರೂ ಒಟ್ಟಾರೆ ಎಣಿಸಿದಷ್ಟು ಲಾಭ ಕಾಣಲಿಲ್ಲ. 2024ರಲ್ಲಿ ಚೀನಾದ 12,821 ಮಂದಿಯಲ್ಲಿ ಕಂಡಿತು. ಹದಿನಾಲ್ಕು ವರ್ಷದಲ್ಲಿ ಉತ್ತರವೇ ಮಗ್ಗಲು ಬದಲಿಸಿತು. ಕಾಕಾ ಯಾವ ಕಾಗದ ಹಿಡಿದು ಹೋಗಬೇಕಿತ್ತು? ತಜ್ಞರೇನೂ ಎಡವದವರಲ್ಲ. ಕೋವಿಡ್‌ಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯ ಬಗ್ಗೆ 2020ರ ಮೇ 22ರಂದು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಪ್ರಕಟಿಸಿದ ಲೇಖನ, ಅಂಕಿಅಂಶದ ಮೂಲವೇ ಖಾತ್ರಿಯಾಗದೆ, ಎರಡು ವಾರದೊಳಗೆ ವಾಪಸಾಯಿತು.

ಕಾಕಾ ಈಗ ಬೇರೆ ಚೀಟಿ ಇಟ್ಟುಕೊಂಡಿದ್ದಾರೆ. ವೇಬಿಲ್ ಬರೆದು ಪಳಗಿದ ಕೈ ನೋಡಿ. ಯಾವ ತಾರೀಖು, ಎಷ್ಟು ಗಂಟೆಗೆ ತಲೆ ತಿರುಗಿತು, ಗುಳಿಗೆ ನುಂಗಿ ಎಷ್ಟು ಹೊತ್ತಾಗಿತ್ತು, ಎಲ್ಲ ಕಾಲಂ ಹಾಕಿ ಬರೆದಿರುತ್ತಾರೆ. ಹೋದ ಸಲ ಡಾಕ್ಟರು ಅದನ್ನು ಓದಲು ಅರ್ಧ ನಿಮಿಷವೂ ಹಿಡಿಯಲಿಲ್ಲವಂತೆ. ಹೊಸ ಗುಳಿಗೆಯ ಮೇಲೆ ಗೆರೆ ಎಳೆದರು.