ಆಂಟಿಯ ಅರಿಶಿನ, ನನ್ನ ಬಿಪಿ

ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಮೂರನೇ ಮಹಡಿಯ ಆಂಟಿ ಸಿಕ್ಕರು. ಕೈಯಲ್ಲಿ ಕಸದ ಬಕೆಟ್ಟು, ಮುಖದಲ್ಲಿ ಗೆದ್ದ ಕಳೆ.

"ನೋಡಿದ್ಯೇನಮ್ಮಾ, ವಾಚ್‌ಮನ್ ಮಗನ ಮಂಡಿ ಎಷ್ಟು ಚೆನ್ನಾಗಿ ಒಣಗಿದೆ! ಅವತ್ತು ನಾನು ಅರಿಶಿನ ಮೆತ್ತಿದ್ದಕ್ಕೇ. ನೀನು ತೊಳೀದೇ ಇದ್ದಿದ್ರೆ ಇನ್ನೂ ಬೇಗ ವಾಸಿಯಾಗ್ತಿತ್ತು."

ಬಾಯಿಗೆ ಬಂದ ಮಾತು ಒಂದೆರಡಲ್ಲ. ಒಂದೂ ಹೊರಗೆ ಬರಲಿಲ್ಲ. ಲಿಫ್ಟ್ ಕೆಳಗೆ ಬಂತು, ಅವರು ಇಳಿದು ಹೋದರು, ನಾನು ಇಳಿಯೋದನ್ನೇ ಮರೆತು ಮತ್ತೆ ಐದನೇ ಮಹಡಿಗೆ ಹೋದೆ. ಶಾಲೆಯಲ್ಲಿ ಪ್ರೇಯರ್ ತಪ್ಪಿತು, ಹೆಡ್‌ಮಿಸ್ ಮುಖ ನೋಡಬೇಕಾಯಿತು. ಲಿಫ್ಟಿನಲ್ಲಿ ಹೇಳದೇ ಉಳಿದಿದ್ದನ್ನೆಲ್ಲ ಈಗ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಟೈಮಿಲ್ಲದವರು ಲೈಕ್ ಒತ್ತಿ ಹೋಗಿ.

ಆಗಿದ್ದಿಷ್ಟು. ಹೋದ ವಾರ ಭಾನುವಾರ ಸಂಜೆ, ನಮ್ಮ ವಾಚ್‌ಮನ್ ಮಗ ಬೇಸ್‌ಮೆಂಟಿನ ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಬಂದು ಬಿದ್ದ. ಮಂಡಿ ಚೆನ್ನಾಗಿಯೇ ತರಚಿತ್ತು. ಅವನ ಅಳು ಕೇಳಿ ನಾನು ಇಳಿದು ಬರುವಷ್ಟರಲ್ಲಿ ಆಂಟಿ ಸ್ಟೀಲ್ ಡಬ್ಬಿ ತಂದು ಒಂದು ಹಿಡಿ ಅರಿಶಿನ ಸುರಿದು ಒತ್ತಿಯಾಗಿತ್ತು. ಹುಡುಗನ ಮಂಡಿ ಕಳಶಕ್ಕಿಟ್ಟ ತೆಂಗಿನಕಾಯಿ ಥರ ಕಾಣುತ್ತಿತ್ತು. ಕುಂಕುಮ ಒಂದು ಬಾಕಿ.

"ತೊಳೆದ್ರಾ ಆಂಟಿ?" ಅಂದೆ. "ತೊಳೆಯೋದೇನು, ಅರಿಶಿನವೇ ಕ್ಲೀನ್ ಮಾಡುತ್ತೆ" ಅಂದರು.

ಅವನನ್ನ ಎತ್ತಿಕೊಂಡು ಹೋಗಿ ನಲ್ಲಿ ಕೆಳಗೆ ಕೂರಿಸಿದೆ. ನೀರು ಬಿಟ್ಟೆ, ಸುತ್ತ ಸೋಪು ಹಚ್ಚಿದೆ. ಹಚ್ಚಿದ್ದೇ ತಡ, ಹಳದಿಯೆಲ್ಲ ಕೆಂಪು! ಕಾಲಿನಿಂದ ಕೆಂಪು ನೀರು ಧಾರೆಯಾಗಿ ಇಳಿಯಿತು. "ಅಯ್ಯೋ ರಕ್ತ! ಅರಿಶಿನ ತೆಗೆದಿದ್ದಕ್ಕೆ ರಕ್ತ ಕಿತ್ಕೊಂಡು ಬಂತು!" ಅಂತ ಆಂಟಿ ಕಿರುಚಿದರು. ಎರಡನೇ ಮಹಡಿಯವರು ಬಾಲ್ಕನಿಗೆ ಬಂದು ನನ್ನನ್ನು ಕೊಲೆಗಾರ್ತಿ ಥರ ನೋಡಿದರು. ಹುಡುಗ ಅಳು ಇನ್ನೂ ಜೋರು ಮಾಡಿದ.

ಅದು ರಕ್ತ ಅಲ್ಲ ಕಣ್ರೀ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತೆ. ಏಳನೇ ಕ್ಲಾಸಿನ ಪಾಠ, ಪ್ರತಿ ವರ್ಷ ಮಕ್ಕಳ ಕೈಯಲ್ಲಿ ಅರಿಶಿನದ ಕಾಗದ ಮಾಡಿಸುತ್ತೇನೆ, ನನ್ನ ಗೋಡೆ ಮೇಲೆ ಫೋಟೋ ನೋಡಿ ನೋಡಿ ನಿಮಗೇ ಬೇಜಾರಾಗಿರುತ್ತೆ. ಪಾಠವೂ ಬೇಡ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿ ಕೆಂಪು ಮಾಡುತ್ತಾರಲ್ಲ, ಅದೇ ಇದು. ಈ ಆಂಟಿ ಜೀವಮಾನದಲ್ಲಿ ಅಂಥ ಆರತಿ ನೂರು ಸಲ ಎತ್ತಿದ್ದಾರೆ.

ಬಣ್ಣ ಹೋದ ಮೇಲೆ ಕೆಳಗೆ ಸಿಕ್ಕಿದ್ದೇನು ಗೊತ್ತಾ? ಜಲ್ಲಿ ಚೂರು. ಎರಡು. ಸಾಸಿವೆ ಕಾಳಿಗಿಂತ ದಪ್ಪ, ಚರ್ಮದೊಳಗೆ ಕೂತಿದ್ದವು. ಎದುರಿನ ಕ್ಲಿನಿಕ್ಕಿನಲ್ಲಿ ಚಿಮಟದಿಂದ ತೆಗೆದು, ಟಿಟಿ ಹಾಕಿ ಕಳಿಸಿದರು. ಅರಿಶಿನದ ಕೆಳಗೆ ಆ ಎರಡು ಕಲ್ಲು ಇದ್ದಿದ್ದು ಯಾರಿಗೂ ಕಂಡಿರಲಿಲ್ಲ. ನನ್ನ ಜಗಳ ಇಷ್ಟೇ. ಅರಿಶಿನ ವಾಸಿ ಮಾಡುತ್ತೋ ಬಿಡುತ್ತೋ, ಮೊದಲು ಮುಚ್ಚಿಬಿಡುತ್ತೆ.

ಇಷ್ಟು ಹೊತ್ತಿಗೆ ಕಾಮೆಂಟಿನಲ್ಲಿ ಯಾರಾದರೂ "ಮೇಡಂ, ನಮ್ಮ ಸಂಸ್ಕೃತಿ..." ಅಂತ ಟೈಪ್ ಮಾಡಲು ಶುರು ಮಾಡಿರುತ್ತೀರಿ. ಸ್ವಲ್ಪ ತಡೀರಿ. ನಾನು ಅರಿಶಿನದ ಮನೆಯವಳು. ಗುಂಡ್ಲುಪೇಟೆ ಕಡೆಯ ನಮ್ಮ ಹೊಲದಲ್ಲಿ ಅಪ್ಪ ಇವತ್ತಿಗೂ ಒಂದೆಕರೆ ಅರಿಶಿನ ಹಾಕದೇ ಬಿಡುವವರಲ್ಲ. ನನ್ನ ಬಿ.ಎಡ್ ಫೀಸು ಅರಿಶಿನದ್ದು. ಮದುವೆ ಸರ ಅರಿಶಿನದ್ದು. ಒಂದು ವರ್ಷ ರೇಟು ಬಿದ್ದಾಗ ಆದ ಸಾಲವೂ ಅರಿಶಿನದ್ದೇ.

ಅದಕ್ಕೇ ಹೇಳುತ್ತಿರೋದು. ಡಬ್ಬಿಯೊಳಗಿನ ಪುಡಿ ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ಮುಂಗಾರಿನ ಶುರುವಿಗೆ ನಾಟಿ, ಸಂಕ್ರಾಂತಿ ಕಳೆದ ಮೇಲೆ ಕೀಳೋದು. ಗಡ್ಡೆಯನ್ನ ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸಬೇಕು, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯೋವರೆಗೆ. ಆ ಹಬೆಯ ವಾಸನೆ ಮೂಗಿಗೆ ಬಂದರೆ ಈಗಲೂ ನನಗೆ ಪರೀಕ್ಷೆ ಹತ್ತಿರ ಬಂತು ಅನ್ನಿಸುತ್ತೆ. ಬೆಂದಿದ್ದನ್ನ ಕಣದಲ್ಲಿ ಹರಡಿ ಹತ್ತು ಹದಿನೈದು ದಿನ ಬಿಸಿಲು. ನೂರು ಕೆಜಿ ಹಸಿ ಗಡ್ಡೆ ಒಣಗಿ ಇಪ್ಪತ್ತು ಕೆಜಿ ಆಸುಪಾಸಿಗೆ ಇಳಿಯುತ್ತೆ. ಆಮೇಲೆ ಡ್ರಮ್ಮಿಗೆ ಹಾಕಿ ತಿರುಗಿಸಿ ಪಾಲಿಶ್, ಮೂಟೆ, ಈರೋಡಿನ ಲಾರಿ.

ಆ ಹದಿನೈದು ದಿನ ಕಣದ ಮೇಲೆ ಯಾರ್ಯಾರು ಓಡಾಡುತ್ತಾರೆ ಹೇಳಲಾ? ಕೋಳಿ. ನಾಯಿ. ಮತ್ತೆ ನಾನು. ದನದ ಕೊಟ್ಟಿಗೆಯಿಂದ ಬಂದ ಬರಿಗಾಲಲ್ಲೇ ಅರಿಶಿನ ಎಳೆದು ತಿರುವಿ ಹಾಕುತ್ತಿದ್ದೆ. ಸಾರಿನಲ್ಲಿ ಕುದಿಯುವ ವಸ್ತುವಿಗೆ ಅದು ದೊಡ್ಡ ವಿಷಯವಲ್ಲ. ಹಸಿ ಗಾಯಕ್ಕೆ ದೊಡ್ಡ ವಿಷಯ. ಟೆಟನಸ್ ಬೀಜಾಣು ಇರೋದು ಮಣ್ಣಿನಲ್ಲೇ ಅಲ್ವಾ.

ಅದು ನಮ್ಮ ಮನೆಯ ಚಿನ್ನದಂಥ ಅರಿಶಿನದ ಕಥೆ. ಅಂಗಡಿಯ ಲೂಸ್ ಪುಡಿ ಬೇರೆಯದೇ ಕಥೆ. ಬಣ್ಣಕ್ಕೆ ಮೆಟಾನಿಲ್ ಯೆಲ್ಲೋ ಬೆರೆಸುತ್ತಾರೆ, ಸೀಸದ ಕ್ರೋಮೇಟ್ ಬೆರೆಸುತ್ತಾರೆ. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಸೀಸ ಬೆರೆಸೋದನ್ನು ಸಂಶೋಧಕರು 2019ರಲ್ಲಿ ಬಯಲಿಗೆಳೆದಿದ್ದರು. ನಮ್ಮಲ್ಲೂ ಇದು ಹಳೇ ರೋಗ. ಅಪ್ಪ ಪುಡಿ ಅರಿಶಿನ ಕೊಂಡಿದ್ದನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಬೆಳೆಯುವವರಿಗೆ ಇರುವ ಅನುಮಾನ ಮೆತ್ತುವವರಿಗೆ ಇಲ್ಲ.

ಈಗ ದೊಡ್ಡ ಬಾಂಬು. ಸ್ಟಾಫ್ ರೂಮಿನಲ್ಲಿ ಈ ವಿಷಯ ಬಂದಾಗಲೆಲ್ಲ ಸೋಷಿಯಲ್ ಸರ್ ಎಸೆಯುವ ಬಾಂಬು ಇದು: "ಅಮೆರಿಕದವರೇ ಅರಿಶಿನಕ್ಕೆ ಪೇಟೆಂಟ್ ತಗೊಂಡಿದ್ರು, ನಾವು ಕೇಸ್ ಹಾಕಿ ಗೆದ್ವಿ. ಗಾಯ ವಾಸಿ ಮಾಡುತ್ತೆ ಅಂತ ಅವರೇ ಒಪ್ಪಿದಂಗೆ ಆಯ್ತಲ್ಲ?"

ಗೆದ್ದಿದ್ದು ನಿಜ, ನನಗೂ ಹೆಮ್ಮೆ ಇದೆ. ಗಾಯಕ್ಕೆ ಅರಿಶಿನ ಬಳಸುವುದು ತಮ್ಮ ಆವಿಷ್ಕಾರ ಅಂತ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಪೇಟೆಂಟ್ ಪಡೆದಿತ್ತು. ವಿಜ್ಞಾನಿ ಮಾಶೇಲ್ಕರ್ ಅವರು ಸಿಎಸ್‌ಐಆರ್ ಅನ್ನೋ ನಮ್ಮ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಕಾಲ. ಹಳೇ ಗ್ರಂಥ, ಹಳೇ ವೈದ್ಯಕೀಯ ಪತ್ರಿಕೆ ಅಂತ 32 ದಾಖಲೆ ಹುಡುಕಿ ಮುಂದಿಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯಿತು. ಆದರೆ ಸರ್, ನಾವು ಸಾಬೀತು ಮಾಡಿದ್ದು ಏನನ್ನ? ಇದು ಹೊಸದಲ್ಲ, ನಮ್ಮಜ್ಜಿ ಕಾಲದಿಂದ ಮಾಡುತ್ತಿದ್ದೇವೆ ಅನ್ನೋದನ್ನ. ಹಳೆಯದು ಅಂತ ಗೆದ್ದೆವು. ಗಾಯ ವಾಸಿಯಾಗುತ್ತೋ ಇಲ್ವೋ ಅಂತ ಅಲ್ಲಿ ಯಾರೂ ಪರೀಕ್ಷೆ ಇಟ್ಟಿರಲಿಲ್ಲ. ಇಷ್ಟು ಹೇಳಿದರೆ ಸರ್ ಟೀ ಲೋಟ ತೊಳೆಯಲು ಎದ್ದು ಹೋಗುತ್ತಾರೆ. ಮುಂದಿನ ತಿಂಗಳು ಮತ್ತೆ ಅದೇ ಬಾಂಬು.

ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಸಾಯುತ್ತವಲ್ಲ ಅನ್ನುವವರಿದ್ದಾರೆ. ಸಾಯುತ್ತವೆ. ಗಾಜಿನ ತಟ್ಟೆಯಲ್ಲಿ ಏನೇನು ಹಾಕಿದರೂ ಬ್ಯಾಕ್ಟೀರಿಯಾ ಸಾಯುತ್ತವೆ, ವಿನೆಗರ್ ಹಾಕಿದರೂ ಸಾಯುತ್ತವೆ. ಅರಿಶಿನದಲ್ಲಿ ಕೆಲಸದ ವಸ್ತು ಅಂತ ಹೇಳುವ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲು, ಅಷ್ಟೇ. ಹೊಟ್ಟೆಗೆ ತೆಗೆದುಕೊಂಡರೆ ಅದೂ ರಕ್ತಕ್ಕೆ ಸರಿಯಾಗಿ ಸೇರಲ್ಲ. ಕಾಳುಮೆಣಸಿನ ಸತ್ವ ಜೊತೆಗೆ ಕೊಟ್ಟರೆ ಇಪ್ಪತ್ತು ಪಟ್ಟು ಜಾಸ್ತಿ ಸೇರುತ್ತೆ ಅಂತ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು, 1998ರಲ್ಲಿ. ಅವರು ಕೊಟ್ಟಿದ್ದು 2 ಗ್ರಾಂ ಕರ್ಕ್ಯುಮಿನ್. ಅಡಿಗೆಮನೆ ಲೆಕ್ಕದಲ್ಲಿ ಇಪ್ಪತ್ತು ಚಮಚ ಅರಿಶಿನ. (ಮೆಣಸಿನ ಈ ಸಾಲನ್ನ ದಯವಿಟ್ಟು ಆಂಟಿಗೆ ತೋರಿಸಬೇಡಿ. ಮುಂದಿನ ಸಲ ಮಂಡಿಗೆ ಮೆಣಸಿನ ಪುಡಿ ತಂದಾರು.)

ಹಾಗಂತ ಕ್ಯಾಪ್ಸೂಲ್ ನುಂಗಿ ಅಂತಲ್ಲ. ನ್ಯೂಜೆರ್ಸಿಯ ನಮ್ಮ ಮೈದುನ ತಿಂಗಳಿಗೊಂದು ಬಾಟಲಿ ಖಾಲಿ ಮಾಡುತ್ತಾನೆ. ಅರಿಶಿನದ ಕ್ಯಾಪ್ಸೂಲಿಂದ ಲಿವರ್ ಕೆಟ್ಟ ಕೇಸುಗಳಿವೆ, ಆಸ್ಟ್ರೇಲಿಯಾದ ಔಷಧ ಇಲಾಖೆ 2023ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿದೆ ಅಂತ ಲಿಂಕ್ ಕಳಿಸಿದೆ. "ಅತ್ತಿಗೆ, ಇಟ್ಸ್ ನ್ಯಾಚುರಲ್" ಅಂತ ಉತ್ತರ ಬಂತು. ಉಮ್ಮತ್ತಿಯೂ ನ್ಯಾಚುರಲ್ಲೇ ಕಣಪ್ಪ.

ಈಗ ಹೇಳಲೋ ಬೇಡವೋ ಅಂತ ಎರಡು ಸಲ ಅಳಿಸಿದ ಭಾಗ.

ನನಗೆ ಈ ಸಿಟ್ಟು ಆಂಟಿಯಿಂದ ಬಂದಿದ್ದಲ್ಲ. ನಾನು ಡಿಗ್ರಿ ಮೊದಲನೇ ವರ್ಷದಲ್ಲಿದ್ದಾಗ ಅಜ್ಜಿಯ ಕಾಲಿಗೆ ಚಪ್ಪಲಿ ಕಚ್ಚಿತ್ತು. ಅಜ್ಜಿಗೆ ಬಹಳ ವರ್ಷದಿಂದ ಶುಗರ್. ಕೊಬ್ಬರಿ ಎಣ್ಣೆಯಲ್ಲಿ ನಮ್ಮ ಹೊಲದ ಅರಿಶಿನ ಕಲಸಿ, ದಿನಾ ರಾತ್ರಿ ಹಚ್ಚಿ, ಹಳೇ ಪಂಚೆ ಹರಿದು ಕಟ್ಟುತ್ತಿದ್ದವಳು ನಾನು. ಯಾರೂ ಹೇಳಿಸಿದ್ದಲ್ಲ. ಸೈನ್ಸ್ ಓದುವ ಮೊಮ್ಮಗಳು ನಾನೇ ಶುರು ಮಾಡಿದ್ದು. "ನೋವಾಗ್ತಾ ಅಜ್ಜಿ?" ಅಂದರೆ "ಇಲ್ಲ ಕೂಸೇ, ನಿನ್ನ ಕೈ ತಂಪು" ಅನ್ನುತ್ತಿದ್ದರು. ನಾನು ಖುಷಿಪಡುತ್ತಿದ್ದೆ. ಬಹಳ ವರ್ಷ ಶುಗರ್ ಇದ್ದ ಎಷ್ಟೋ ಜನರಿಗೆ ಕಾಲಿನ ನೋವೇ ಗೊತ್ತಾಗಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ. ಹಳದಿ ಕೆಳಗೆ ಗಾಯ ಕೆಂಪಗಿದೆಯೋ ಕಪ್ಪಗಾಗಿದೆಯೋ ಕಾಣುತ್ತಲೂ ಇರಲಿಲ್ಲ. ಕೀವಿನ ಬಣ್ಣವೂ ಹಳದಿಯೇ ತಾನೇ. ಒಂಬತ್ತನೇ ದಿನ ಬಟ್ಟೆ ಬಿಚ್ಚಿದಾಗ ವಾಸನೆ ಬಂತು.

ಮೈಸೂರಿನ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಡಾಕ್ಟರು ಆ ಹಳದಿಯನ್ನ ಉಜ್ಜಿ ಉಜ್ಜಿ ತೆಗೆಯುತ್ತಾ "ಯಾರು ಇದನ್ನ ಕಟ್ಟಿದ್ದು?" ಅಂತ ಕೇಳಿದರು. ನಾನು ಗೋಡೆ ನೋಡಿದೆ. ಅವ್ವ "ನಾನೇ ಸಾ" ಅಂದಳು. ಬೈಗುಳ ಪೂರ್ತಿ ಅವಳೇ ತಿಂದಳು. ಆ ಮಾತು ನಮ್ಮಿಬ್ಬರ ನಡುವೆ ಇವತ್ತಿನವರೆಗೂ ಬಂದಿಲ್ಲ. ಅವ್ವ ಫೇಸ್‌ಬುಕ್ಕಿನಲ್ಲಿಲ್ಲ, ಅದಕ್ಕೇ ಬರೆಯುವ ಧೈರ್ಯ.

ಸಾಕು ಬಿಡಿ. ಮೇಲಿನದನ್ನ ಓದಿ ಇವಳಿಗೆ ಅರಿಶಿನ ಕಂಡರೆ ಆಗಲ್ಲ ಅಂತ ಯಾರೂ ಬರೆಯಬೇಡಿ. ಶೀತ ಆದರೆ ಇವತ್ತಿಗೂ ನಮ್ಮ ಮನೆಯಲ್ಲಿ ಅರಿಶಿನದ ಕೊಂಬನ್ನ ದೀಪಕ್ಕೆ ಹಿಡಿದು ಸುಟ್ಟು ಹೊಗೆ ಎಳೆಯುತ್ತೇವೆ. ಕಣ್ಣು ಮೂಗು ಎಲ್ಲ ಒಟ್ಟಿಗೆ ಸುರಿಯುತ್ತೆ, ಮಂಡೆ ಹಗುರಾಗುತ್ತೆ. ಕೆಮ್ಮಿದಾಗ ರಾತ್ರಿ ಬಿಸಿ ಹಾಲು, ಚಿಟಿಕೆ ಅರಿಶಿನ, ಕುಟ್ಟಿದ ಮೆಣಸು, ಬೆಲ್ಲ. ಗಂಟಲಿಗೆ ಹಿತ, ನಿದ್ದೆ ಬರುತ್ತೆ. ಅದರಲ್ಲಿ ಅರಿಶಿನದ್ದೆಷ್ಟು, ಬಿಸಿ ಹಾಲಿನದ್ದೆಷ್ಟು, ಅವ್ವ ಮಾಡಿಕೊಡುತ್ತಿದ್ದಳು ಅನ್ನೋ ನೆನಪಿನದ್ದೆಷ್ಟು, ನಾನು ಲೆಕ್ಕ ಹಾಕಲು ಹೋಗಿಲ್ಲ. ಕೋವಿಡ್ ಕಾಲದಲ್ಲಿ ಆಯುಷ್ ಸಚಿವಾಲಯವೂ 150 ಎಂಎಲ್ ಹಾಲಿಗೆ ಅರ್ಧ ಚಮಚ, ದಿನಕ್ಕೆ ಒಂದೋ ಎರಡೋ ಸಲ ಅಂದಿತ್ತು. ನಮ್ಮ ಮನೆಯವರು ಆರು ಸಲ ಕುಡಿದು ಹೊಟ್ಟೆ ಉರಿ ಅಂತ ಒದ್ದಾಡಿದರು, ಅದು ಅವರ ಸಮಸ್ಯೆ.

ಹಾಲು ಕುಡಿದರೆ ಏನೂ ಮುಚ್ಚಿಹೋಗಲ್ಲ. ಕೆಮ್ಮು ಹೋಗದಿದ್ದರೆ ಮತ್ತೆ ಕೆಮ್ಮುತ್ತೀರಿ, ಎಲ್ಲರಿಗೂ ಕೇಳಿಸುತ್ತೆ. ಗಾಯಕ್ಕೆ ಮೆತ್ತಿದರೆ ಒಳಗೇನಿದೆ ಅಂತ ಮತ್ತೆ ಯಾರೂ ನೋಡಲ್ಲ. ಮೊದಲು ನೀರು ಬಿಡಿ. ನಲ್ಲಿಯಲ್ಲಿ ಬರೋ ಮಾಮೂಲಿ ನೀರು, ಐದು ನಿಮಿಷ. ನೀರಿಗೆ ಯಾವ ಮಹಿಮೆಯೂ ಇಲ್ಲ, ಅದಕ್ಕೇ ಇರಬೇಕು ಯಾರಿಗೂ ಅದು ನೆನಪಾಗಲ್ಲ.

ಹುಡುಗನ ಗಾಯ ಯಾಕೆ ಒಣಗಿತು ಅಂತ ಆಂಟಿಗೆ ಹೇಳುವ ಆಸೆ ಈಗ ಇಲ್ಲ. ಅವನಿಗೆ ಎಂಟು ವರ್ಷ, ಆಂಟಿ. ಎಂಟು ವರ್ಷದ ಮಂಡಿ ಯಾರನ್ನೂ ಕೇಳದೇ ಒಣಗುತ್ತೆ. ನಿನ್ನೆ ಆಗಲೇ ಅದೇ ಇಳಿಜಾರಿನಲ್ಲಿ ಸೈಕಲ್ ಬಿಡುತ್ತಿದ್ದ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಬೆಲ್ಲಾಯಿತು. ಅವರೇ. ಕೈಯಲ್ಲಿ ಬಿಸಿ ಬಿಸಿ ಕಡುಬು, ಜೊತೆಗೆ ಖಾಲಿ ಸ್ಟೀಲ್ ಡಬ್ಬಿ, ಅದೇ ಡಬ್ಬಿ. "ಊರಿಂದ ಅರಿಶಿನ ಬಂತೇನಮ್ಮಾ? ನಿಮ್ಮಪ್ಪಂದು ಬಿಟ್ರೆ ನನಗೆ ಬೇರೆ ಹಿಡಿಸಲ್ಲ."

ಬಂದಿದೆ. ಹೋದ ಶುಕ್ರವಾರವೇ ಅಪ್ಪ ಬಸ್ಸಿನಲ್ಲಿ ಹಾಕಿ ಕಳಿಸಿದ್ದಾರೆ, ಎರಡು ಕೆಜಿ ಕೊಂಬು. ನಾಳೆ ಮಿಲ್ಲಿಗೆ ಹಾಕಿಸಿ ತುಂಬಿಸಿ ಕೊಡುತ್ತೇನೆ. ಮುಚ್ಚಳದ ಮೇಲೆ ಮಾರ್ಕರಿನಲ್ಲಿ ದಪ್ಪಗೆ "ಅಡಿಗೆಗೆ ಮಾತ್ರ" ಅಂತ ಬರೆದು ಕೊಡುತ್ತೇನೆ. ಕಡುಬು ಮಾತ್ರ ಚೆನ್ನಾಗಿತ್ತು.